ರಾಕೆಟ್ ಕೈಬಿಟ್ಟ ಮೇಲಿನ ಹಾದಿ

ಸಂವಹನ ಉಪಗ್ರಹ ರಾಕೆಟ್‌ನಿಂದ ಕಳಚಿಕೊಂಡ ಕೂಡಲೇ ನಿಯಂತ್ರಣ ಕೊಠಡಿಯಲ್ಲಿ ಚಪ್ಪಾಳೆ ಬೀಳುತ್ತದೆ, ನೇರಪ್ರಸಾರವೂ ಮುಗಿಯುತ್ತದೆ. ಆದರೆ ಉಪಗ್ರಹ ಇನ್ನೂ ಭೂಸ್ಥಿರ ಕಕ್ಷೆ, ಅಂದರೆ ನೆಲದಿಂದ ನೋಡಿದರೆ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಕಕ್ಷೆ ತಲುಪಿರುವುದಿಲ್ಲ. ಒಂದು ತುದಿ ನೆಲದಿಂದ 200 ಕಿ.ಮೀ. ಆಸುಪಾಸಿನಲ್ಲಿ, ಇನ್ನೊಂದು ತುದಿ 36,000 ಕಿ.ಮೀ. ಹತ್ತಿರ ಇರುವ ಉದ್ದನೆಯ ವರ್ಗಾವಣೆ ಕಕ್ಷೆಯಲ್ಲಿ ಅದು ಸುತ್ತುತ್ತಿರುತ್ತದೆ. ಒಂದು ಸುತ್ತಿಗೆ ಸುಮಾರು ಹತ್ತೂವರೆ ಗಂಟೆ. ಅಲ್ಲಿಂದ ಮುಂದಿನ ದಾರಿಯನ್ನು ಉಪಗ್ರಹ ತನ್ನದೇ ಎಂಜಿನ್ ಉರಿಸಿ ಸವೆಸಬೇಕು. ನನ್ನ ಮಟ್ಟಿಗೆ ಇಡೀ ಉಡಾವಣೆಯ ಸೂಕ್ಷ್ಮ ಭಾಗ ಇದೇ. ಇಲ್ಲಿ ಖರ್ಚಾಗುವ ಒಂದೊಂದು ಕೆ.ಜಿ. ಇಂಧನವೂ ಉಪಗ್ರಹದ ಆಯುಷ್ಯದಿಂದಲೇ ಕಳೆಯುವಂಥದ್ದು.

ಭೂಸ್ಥಿರ ಕಕ್ಷೆಯ ಎತ್ತರ 35,786 ಕಿ.ಮೀ., ಅಲ್ಲಿ ಬೇಕಾದ ವೇಗ ಸೆಕೆಂಡಿಗೆ 3.07 ಕಿ.ಮೀ. ವರ್ಗಾವಣೆ ಕಕ್ಷೆಯ ಮೇಲ್ತುದಿಗೆ, ಅಂದರೆ ಅಪೋಜಿಗೆ ಬರುವಷ್ಟರಲ್ಲಿ ಉಪಗ್ರಹದ ವೇಗ 1.6 ಕಿ.ಮೀ.ಗೆ ಇಳಿದಿರುತ್ತದೆ. ಕೊರತೆ ಬಿದ್ದ ಸುಮಾರು 1.5 ಕಿ.ಮೀ. ವೇಗವನ್ನು ಅಲ್ಲೇ ತುಂಬಬೇಕು. ಜೊತೆಗೆ ಉಡಾವಣಾ ಕೇಂದ್ರ ಸಮಭಾಜಕದಿಂದ ದೂರವಿದ್ದಷ್ಟೂ ಕಕ್ಷೆ ವಾಲಿರುತ್ತದೆ. ಆ ವಾಲನ್ನೂ ಸೊನ್ನೆಗೆ ತರಬೇಕು. ಎರಡನ್ನೂ ಒಂದೇ ಉರಿತದಲ್ಲಿ, ಓರೆಯಾಗಿ ತಳ್ಳಿ ಮುಗಿಸುವುದೇ ಜಾಣತನ. 28.5 ಡಿಗ್ರಿ ವಾಲಿದ್ದರೆ ಒಟ್ಟಿಗೆ ಮಾಡಿದಾಗ ಸೆಕೆಂಡಿಗೆ 1,830 ಮೀಟರ್ ಸಾಕು. ಮೊದಲು ಕಕ್ಷೆಯನ್ನು ದುಂಡಗೆ ಮಾಡಿ ಆಮೇಲೆ ವಾಲು ತಿದ್ದಲು ಹೊರಟರೆ ಸುಮಾರು 3,000 ಮೀಟರ್ ಬೇಕು.

ಕೆ.ಜಿ.ಯಲ್ಲಿ ಲೆಕ್ಕ ಹಾಕೋಣ. ರಾಕೆಟ್‌ನಿಂದ ಬೇರೆಯಾದಾಗ 4,000 ಕೆ.ಜಿ. ತೂಗುವ ಉಪಗ್ರಹ, ಎಂಜಿನ್ನಿನ ವಿಶಿಷ್ಟ ಆವೇಗ (ಇಂಧನವನ್ನು ಎಷ್ಟು ದಕ್ಷವಾಗಿ ಬಳಸುತ್ತದೆ ಎಂಬ ಅಳತೆ) 320 ಸೆಕೆಂಡ್ ಎಂದುಕೊಳ್ಳಿ. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿ, ಸಮಭಾಜಕದ ಬಳಿ ಇರುವ ಕೂರು ಉಡಾವಣಾ ಕೇಂದ್ರದಿಂದ ಹಾರಿದರೆ 1,500 ಮೀಟರ್ ವೇಗಕ್ಕೆ ಸುಮಾರು 1,520 ಕೆ.ಜಿ. ನೋದಕ (ಇಂಧನ ಮತ್ತು ಅದನ್ನು ಉರಿಸುವ ದ್ರವ) ಉರಿಯುತ್ತದೆ. 28.5 ಡಿಗ್ರಿ ಅಕ್ಷಾಂಶದಲ್ಲಿರುವ ಅಮೆರಿಕದ ಕೇಪ್ ಕ್ಯಾನವೆರಲ್‌ನಿಂದ ಹಾರಿ, ಆ ವಾಲನ್ನೆಲ್ಲ ಉಪಗ್ರಹವೇ ತಿದ್ದಬೇಕಾಗಿ ಬಂದರೆ 1,770 ಕೆ.ಜಿ. ವ್ಯತ್ಯಾಸ 250 ಕೆ.ಜಿ. ಸೂರ್ಯ ಚಂದ್ರರ ಸೆಳೆತದಿಂದ ಕಕ್ಷೆ ಉತ್ತರ ದಕ್ಷಿಣಕ್ಕೆ ವಾಲುವುದನ್ನು ತಡೆಯಲು ಅಂಥ ಉಪಗ್ರಹಕ್ಕೆ ವರ್ಷಕ್ಕೆ 40 ಕೆ.ಜಿ.ಯಷ್ಟು ಬೇಕು. ಅಂದರೆ ಉಡಾವಣಾ ಜಾಗವೊಂದರಿಂದಲೇ ಸುಮಾರು ಆರು ವರ್ಷ ಆಯುಷ್ಯ ಹೋಗುತ್ತದೆ. ಶಕ್ತಿ ಮಿಗುವ ರಾಕೆಟ್ ಇದ್ದರೆ ಅಪೋಜಿಯನ್ನು ಭೂಸ್ಥಿರ ಎತ್ತರಕ್ಕಿಂತ ಬಹಳ ಮೇಲಕ್ಕೆ ಒಯ್ದು ಬಿಡುವುದೂ ಇದಕ್ಕಾಗಿಯೇ. ಅಲ್ಲಿ ವೇಗ ಇನ್ನೂ ಕಡಿಮೆ, ವಾಲು ತಿದ್ದುವುದು ಅಗ್ಗ.

ಇನ್ನು ಎಂಜಿನ್. ಅದರ ತಳ್ಳುಬಲ ಸಾಮಾನ್ಯವಾಗಿ 440 ನ್ಯೂಟನ್, ನೆಲದ ಮೇಲೆ 45 ಕೆ.ಜಿ. ಮೂಟೆ ಎತ್ತುವಷ್ಟು. ಮೇಲಿನ 1,520 ಕೆ.ಜಿ. ಉರಿಸಲು ಅದಕ್ಕೆ ಮೂರು ಗಂಟೆ ಹಿಡಿಯುತ್ತದೆ. ಒಂದೇ ಬಾರಿಗೆ ಮೂರು ಗಂಟೆ ಉರಿಸಿದರೆ ಅಪೋಜಿಯಿಂದ ದೂರ ಸರಿದ ಜಾಗಗಳಲ್ಲೂ ತಳ್ಳಿ ಶಕ್ತಿ ವ್ಯರ್ಥವಾಗುತ್ತದೆ. ಹಾಗಾಗಿ ಮೂರರಿಂದ ಐದು ಕಂತುಗಳಲ್ಲಿ ಉರಿಸುತ್ತಾರೆ. ಮೊದಲ ಕಂತಿನಲ್ಲಿ ನಿಜವಾದ ತಳ್ಳುಬಲ ಎಷ್ಟೆಂದು ಅಳೆದು, ಮುಂದಿನ ಕಂತುಗಳ ಲೆಕ್ಕ ತಿದ್ದಿಕೊಳ್ಳುತ್ತಾರೆ.

ಉರಿಸುವ ಮುಂಚಿನ ಹೆಜ್ಜೆಗಳಲ್ಲೇ ಅಪಾಯ ಹೆಚ್ಚು. ಉಡಾವಣೆಯ ವೇಳೆ ಟ್ಯಾಂಕ್‌ನಿಂದ ಎಂಜಿನ್‌ವರೆಗಿನ ಕೊಳವೆಗಳು ಖಾಲಿ ಇರುತ್ತವೆ. ಕವಾಟವನ್ನು ಒಮ್ಮೆಗೇ ತೆರೆದರೆ ದ್ರವ ನುಗ್ಗಿ ಕೊಳವೆಯ ಕೊನೆಗೆ ಬಡಿಯುತ್ತದೆ. ಒತ್ತಡ ಕ್ಷಣಕಾಲ ಹಲವು ಪಟ್ಟು ಏರುತ್ತದೆ. ಅದಕ್ಕೇ ಕೊಳವೆಯಲ್ಲಿ ಉಳಿದ ಅನಿಲವನ್ನು ಮೊದಲು ಹೊರಬಿಟ್ಟು, ಆಮೇಲೆ ದ್ರವ ತುಂಬಿಸಬೇಕು. 200 ಬಾರ್‌ಗೂ ಹೆಚ್ಚಿನ ಒತ್ತಡದ ಹೀಲಿಯಂ, ರೆಗ್ಯುಲೇಟರ್ ಮೂಲಕ ಇಳಿದು ಟ್ಯಾಂಕ್‌ಗಳನ್ನು ಒತ್ತುತ್ತದೆ. ತೂಕರಹಿತ ಸ್ಥಿತಿಯಲ್ಲಿ ದ್ರವ ಟ್ಯಾಂಕ್‌ನೊಳಗೆ ಎಲ್ಲೆಂದರಲ್ಲಿ ಇರುತ್ತದೆ; ಥ್ರಸ್ಟರ್ ಎಂಬ ಪುಟ್ಟ ಎಂಜಿನ್‌ಗಳನ್ನು ಕೆಲಕಾಲ ಉರಿಸಿ ಅದನ್ನು ತಳಕ್ಕೆ ಕೂರಿಸದಿದ್ದರೆ ಎಂಜಿನ್‌ಗೆ ಗುಳ್ಳೆ ಸೇರುತ್ತದೆ. ಆಂಟೆನಾ ತಟ್ಟೆಗಳು ಈ ಹೊತ್ತಿನಲ್ಲಿ ಇನ್ನೂ ಮಡಚಿಕೊಂಡೇ ಇರುತ್ತವೆ. ಹಲವು ಉಪಗ್ರಹಗಳಲ್ಲಿ ಸೌರಫಲಕಗಳೂ ಹಾಗೇ, ಬಿಸಿಲಿಗೆ ಕಾಣುವ ಹೊರಗಿನ ಫಲಕವಷ್ಟೇ ವಿದ್ಯುತ್ ಕೊಡುತ್ತಿರುತ್ತದೆ. ಪೂರ್ತಿ ಬಿಚ್ಚಿದರೆ ಎಂಜಿನ್ನಿನ ತಳ್ಳಾಟವನ್ನು ಕೀಲುಗಳು ತಾಳಬೇಕಾಗುತ್ತದೆ.

2010ರ ಆಗಸ್ಟ್‌ನಲ್ಲಿ ಹಾರಿದ ಅಮೆರಿಕದ ಸೇನಾ ಸಂವಹನ ಉಪಗ್ರಹ ಎಇಎಚ್ಎಫ್-1ರ ಮುಖ್ಯ ಎಂಜಿನ್, ನೋದಕದ ಕೊಳವೆ ಕಟ್ಟಿಕೊಂಡಿದ್ದರಿಂದ ಕೆಲಸ ಮಾಡಲೇ ಇಲ್ಲ. ಪಟ್ಟು ಬಿಡದ ತಂಡ ಮೊದಲು ಸಣ್ಣ ಥ್ರಸ್ಟರ್‌ಗಳಿಂದ, ಆಮೇಲೆ ವಿದ್ಯುತ್ ಬಲದಿಂದ ನೋದಕವನ್ನು ಚಿಮ್ಮಿಸುವ ವಿದ್ಯುತ್ ಥ್ರಸ್ಟರ್‌ಗಳಿಂದ 14 ತಿಂಗಳಲ್ಲಿ ಅದನ್ನು ಮೇಲಕ್ಕೇರಿಸಿತು. 2018ರ ಮಾರ್ಚ್ 29ರಂದು ಹಾರಿದ ಇಸ್ರೋದ ಸಂವಹನ ಉಪಗ್ರಹ ಜಿಸ್ಯಾಟ್-6ಎ ಎರಡನೇ ಉರಿತವನ್ನು ಯಶಸ್ವಿಯಾಗಿ ಮುಗಿಸಿ, ಮೂರನೆಯದಕ್ಕೆ ಮೊದಲೇ ಸಂಪರ್ಕ ಕಡಿದುಕೊಂಡಿತು. ರಾಕೆಟ್ ಎರಡೂ ಸಲ ತನ್ನ ಕೆಲಸ ಮುಗಿಸಿತ್ತು.

ಕೊನೆಯ ಉರಿತ ಮುಗಿದಾಗ ಉಪಗ್ರಹವನ್ನು ಬೇಕೆಂದೇ ಗುರಿ ಎತ್ತರಕ್ಕಿಂತ ತುಸು ಕೆಳಗೆ ಬಿಡುತ್ತಾರೆ. 100 ಕಿ.ಮೀ. ಕೆಳಗಿದ್ದರೆ ದಿನಕ್ಕೆ ಸುಮಾರು 1.3 ಡಿಗ್ರಿ ಪೂರ್ವಕ್ಕೆ ತೇಲುತ್ತದೆ. ನಿಗದಿತ ರೇಖಾಂಶ ಹತ್ತಿರ ಬಂದಾಗ ಪುಟ್ಟ ಉರಿತಗಳಿಂದ ನಿಲ್ಲಿಸುತ್ತಾರೆ. ದಾರಿಯಲ್ಲಿ ಬೇರೆಯವರ ಉಪಗ್ರಹಗಳು ಸಾಲಾಗಿರುತ್ತವೆ, ಆದ್ದರಿಂದ ಆಗ ಟ್ರಾನ್ಸ್‌ಪಾಂಡರ್‌ಗಳು, ಅಂದರೆ ಸಂಕೇತ ಪಡೆದು ಮರಳಿ ಕಳಿಸುವ ಉಪಕರಣಗಳು, ಮೌನವಾಗಿರಬೇಕು. ಸ್ಥಳ ತಲುಪಿದ ಮೇಲೂ ಹೈ ವೋಲ್ಟೇಜ್ ಹಾಕಲು ಆತುರಪಡುವಂತಿಲ್ಲ. ಪೆಟ್ಟಿಗೆಗಳ ಸಂದಿಗಳಲ್ಲಿ ಉಳಿದ ಗಾಳಿ ಪೂರ್ತಿ ಹೊರಹೋಗದೆ ಆಂಪ್ಲಿಫೈಯರ್ ಹಚ್ಚಿದರೆ ಒಳಗೇ ಕಿಡಿ ಹಾರಿ ಅದು ಸುಟ್ಟುಹೋಗಬಹುದು.

ಕೇವಲ ವಿದ್ಯುತ್ ಥ್ರಸ್ಟರ್‌ಗಳಿಂದಲೇ ಮೇಲೇರುವ ಉಪಗ್ರಹಗಳು 2015ರಲ್ಲಿ ಬಂದವು. ನೋದಕದಲ್ಲಿ ಭಾರೀ ಉಳಿತಾಯ, ಆದರೆ ದಿನಗಳ ಪಯಣ ತಿಂಗಳುಗಳಾಗುತ್ತದೆ. ಅಷ್ಟು ಕಾಲ ಭೂಮಿಯ ಸುತ್ತಲಿನ ವಿಕಿರಣದ ಪಟ್ಟಿಗಳಲ್ಲಿ ಹಾದು ಸೌರಕೋಶಗಳು ಸವೆಯುತ್ತವೆ, ಗಳಿಕೆಯೂ ತಡ.

ಹೇಗೆ ಏರಿದರೂ ಕೊನೆಗೆ ಒಂದಿಷ್ಟು ನೋದಕ ಮುಟ್ಟದೆ ಇಡಬೇಕು. ಸೇವೆ ಮುಗಿದ ಉಪಗ್ರಹವನ್ನು ಸುಮಾರು 300 ಕಿ.ಮೀ. ಮೇಲಕ್ಕೆ ಸರಿಸಿ ಸಾಲಿನಿಂದ ಆಚೆ ಇಡಲು ಸೆಕೆಂಡಿಗೆ 11 ಮೀಟರ್ ವೇಗ, ಅಂದರೆ ಸುಮಾರು 8 ಕೆ.ಜಿ. ಸಾಕು. ತೊಂದರೆ ಇರುವುದು ಅಳತೆಯಲ್ಲಿ. ತೂಕವಿಲ್ಲದ ಟ್ಯಾಂಕ್‌ನಲ್ಲಿ ಎಷ್ಟು ಉಳಿದಿದೆಯೆಂದು ನೇರವಾಗಿ ನೋಡಲಾಗದು. ಹದಿನೈದು ವರ್ಷ ಪ್ರತಿ ಉರಿತದ ಲೆಕ್ಕ ಕೂಡಿಸುತ್ತ ಬಂದಾಗ ಸಣ್ಣ ತಪ್ಪುಗಳೂ ಕೂಡಿಕೊಂಡು ಆ 8 ಕೆ.ಜಿ.ಯನ್ನೇ ಮೀರಬಲ್ಲವು. ಆದ್ದರಿಂದ ಟ್ರಾನ್ಸ್‌ಪಾಂಡರ್‌ಗಳು ಚೆನ್ನಾಗಿ ದುಡಿಯುತ್ತಿರುವಾಗಲೇ ಉಪಗ್ರಹವನ್ನು ನಿವೃತ್ತಿಗೊಳಿಸಬೇಕಾಗುತ್ತದೆ.