ಸಿಸೇರಿಯನ್‌ಗೆ ಮೂರು ದಿನ ಮೊದಲಿನ ಫೋನ್

ನಾನು ಹೆರಿಗೆ ವಿಭಾಗದ ಆಪರೇಷನ್ ಥಿಯೇಟರಿನಲ್ಲಿ ನರ್ಸ್. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೊನಾವನ್ನು ಜಾಗತಿಕ ಸಾಂಕ್ರಾಮಿಕ ಎಂದು ಹೇಳಿತು. ಅದಾದ ಮೇಲೆ ನಮ್ಮಲ್ಲಿ ಹರ್ನಿಯಾ, ಮಂಡಿಚಿಪ್ಪು, ಕಣ್ಣಿನ ಪೊರೆ ಎಲ್ಲ ಮುಂದಕ್ಕೆ ಹೋದವು. ಸಿಸೇರಿಯನ್ ಹಾಗೆ ಮುಂದಕ್ಕೆ ಹಾಕುವಂಥದ್ದಲ್ಲ. ನಮ್ಮ ಥಿಯೇಟರ್ ಒಂದು ದಿನವೂ ಮುಚ್ಚಲಿಲ್ಲ.

ದಿನ ನಿಗದಿಯಾದವರಿಗೆ ಮೂರು ದಿನ ಮೊದಲೇ ಫೋನ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕೈಯಲ್ಲಿ ಒಂದು ಹಾಳೆ. ಆರ್‌ಟಿ-ಪಿಸಿಆರ್ ಪರೀಕ್ಷೆ ಯಾವಾಗ, ಆಪರೇಷನ್‌ಗೆ 6 ಗಂಟೆ ಮೊದಲಿಂದ ಊಟ ಇಲ್ಲ, ನೀರು ಮಾತ್ರ 2 ಗಂಟೆ ಮೊದಲಿನ ತನಕ, ಒಡವೆ ಬೇಡ, ನೇಲ್ ಪಾಲಿಶ್ ಬೇಡ. ಓದಿ ಹೇಳಿದರೆ ನಾಲ್ಕು ನಿಮಿಷ. ಕೊನೆಗೆ 'ಏನೂ ಭಯ ಪಡಬೇಡಿ' ಅಂತ ಸೇರಿಸುತ್ತಿದ್ದೆ. ಕೆಲಸ ಚೆನ್ನಾಗಿ ಮಾಡುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದೆ.

ಒಬ್ಬರು ಒಂದೇ ಪ್ರಶ್ನೆ ಕೇಳಿದರು. 'ನಮ್ಮ ಮನೆಯವರು ಒಳಗೆ ಬರಬಹುದಾ?' ಬರಬಹುದು ಅಂದೆ. ಆವತ್ತಿಗೆ ಅದು ನಿಜವೇ. ಮಾರನೇ ದಿನ ಸುತ್ತೋಲೆ ಬಂತು, ಥಿಯೇಟರಿಗೆ ಜೊತೆಗಾರರನ್ನು ಬಿಡುವಂತಿಲ್ಲ ಅಂತ. ಓದಿದೆ, ಸಹಿ ಹಾಕಿದೆ. ಆಕೆಗೆ ಒಂದು ಫೋನ್ ಮಾಡಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಅವರಿಗೆ ಗೊತ್ತಾದದ್ದು ಥಿಯೇಟರಿನ ಬಾಗಿಲಲ್ಲಿ, ಟ್ರಾಲಿಯ ಮೇಲೆ ಕೂತಿದ್ದಾಗ.

ಬೆನ್ನಿಗೆ ಅರಿವಳಿಕೆ ಕೊಡುವಾಗ ದಿಂಬು ಅಪ್ಪಿಕೊಂಡು, ಬೆನ್ನು ಬಾಗಿಸಿ, ಅಲುಗಾಡದೆ ಕೂರಬೇಕು. ಆಕೆ ನಡುಗುತ್ತಿದ್ದರು. ನಾವೆಲ್ಲ ಪಿಪಿಇ ಕಿಟ್ ಹಾಕಿಕೊಂಡಿದ್ದೆವು. ನನ್ನ ಕನ್ನಡಕ ಮಂಜು ಕಟ್ಟಿತ್ತು, ಆಕೆಗೆ ನನ್ನ ಕಣ್ಣೂ ಕಾಣುತ್ತಿರಲಿಲ್ಲ. ಭುಜ ಹಿಡಿದುಕೊಂಡು 'ಉಸಿರು ನಿಧಾನಕ್ಕೆ ಬಿಡಿ' ಅಂದೆ. ದನಿ ಗುರುತು ಸಿಕ್ಕಿತು ಅಂತ ಕಾಣುತ್ತೆ. ತಲೆ ಎತ್ತಿ, 'ಫೋನ್ ಮಾಡಿದ್ದು ನೀವೇ ಅಲ್ವಾ? ಬರಬಹುದು ಅಂದ್ರಲ್ಲ' ಅಂದರು.

ಕೋಪವೇನೂ ಇರಲಿಲ್ಲ ಆ ಮಾತಲ್ಲಿ. ಕೋಪ ಮಾಡಿಕೊಂಡಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಮಗು ಆರೋಗ್ಯವಾಗಿ ಹುಟ್ಟಿತು. ಮನೆಗೆ ಹೊರಡುವ ದಿನ ವಾರ್ಡಿಗೆ ಹೋಗಿ ತಪ್ಪಾಯ್ತು ಅಂತ ಕೇಳಿಕೊಂಡೆ. 'ಮೊದಲೇ ಗೊತ್ತಿದ್ದಿದ್ರೆ ಮನಸ್ಸು ಗಟ್ಟಿ ಮಾಡ್ಕೊಂಡು ಬರ್ತಿದ್ದೆ, ಅಷ್ಟೇ' ಅಂದರು.

ಆಮೇಲೆ ಫೋನ್ ಮಾಡುವ ರೀತಿ ಬದಲಾಯಿಸಿದೆ. ಹಾಳೆ ಓದುವ ಮೊದಲು, 'ಯಾವುದು ಜಾಸ್ತಿ ಕಾಡ್ತಿದೆ?' ಅಂತ ಕೇಳಿ ಸುಮ್ನಿರುತ್ತಿದ್ದೆ. ಸುಮ್ನಿರೋದೇ ಕಷ್ಟ. ಹತ್ತು ಸೆಕೆಂಡ್ ಕಾದರೆ ನಿಜವಾದ ಪ್ರಶ್ನೆ ಬರುತ್ತಿತ್ತು.

'ಕೇಸು ಏರೋ ಮೊದಲೇ ಮಾಡಿಬಿಡಿ' ಅನ್ನುವವರು ತುಂಬ ಜನ. ಮತ್ತೆ ಕೆಲವರಿಗೆ ಎರಡು ವಾರ ಮುಂದೂಡಿದರೆ ಸಾಕಿತ್ತು. ನಿಗದಿತ ಸಿಸೇರಿಯನ್ ಸಾಮಾನ್ಯವಾಗಿ 39 ವಾರಕ್ಕೆ ಯಾಕೆ ಅಂತ ಇವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಅದಕ್ಕಿಂತ ಮೊದಲು ತೆಗೆದರೆ ಮಗುವಿನ ಶ್ವಾಸಕೋಶದಲ್ಲಿ ನೀರು ಉಳಿದು ಉಸಿರಾಟದ ತೊಂದರೆ ಆಗುವ ಸಾಧ್ಯತೆ ಜಾಸ್ತಿ. ತೀರಾ ತಡ ಮಾಡಿದರೆ ನೋವು ತಾನಾಗೇ ಶುರುವಾಗಿ, ಎಲ್ಲ ತರಾತುರಿಯಲ್ಲಿ ಮಾಡಬೇಕಾಗುತ್ತದೆ. ಇದನ್ನು ಹೇಳಿದ ಮೇಲೆ ತಾರೀಖಿನ ಬಗ್ಗೆ ಯಾರೂ ವಾದ ಮಾಡಲಿಲ್ಲ.

ನನಗೆ ದಿಗಿಲು ಹುಟ್ಟಿಸಿದ್ದು ಬೇರೆ ಮಾತು. 'ನೋವು ಬಂದ್ರೂ ತಾರೀಖಿನ ತನಕ ಮನೆಯಲ್ಲೇ ಇರ್ತೀನಿ, ಆಸ್ಪತ್ರೆಯಲ್ಲಿ ಸೋಂಕು ಇರುತ್ತಲ್ಲ' ಅಂದವರಿದ್ದರು. ಹಿಂದೆ ಸಿಸೇರಿಯನ್ ಆದವರಿಗೆ ಇದು ಅಪಾಯ. ಅಪರೂಪಕ್ಕಾದರೂ ಹಳೆಯ ಹೊಲಿಗೆಯ ಜಾಗದಲ್ಲಿ ಗರ್ಭಕೋಶ ಬಿರಿಯಬಹುದು. ನೋವು ಬಂದರೆ, ನೀರು ಹೋದರೆ, ರಕ್ತ ಕಂಡರೆ, ಮಗುವಿನ ಅಲುಗಾಟ ಕಮ್ಮಿ ಆದರೆ ತಾರೀಖು ನೋಡಬೇಡಿ, ಬನ್ನಿ. ಇದನ್ನು ಪ್ರತಿ ಫೋನಿನಲ್ಲೂ ಎರಡು ಸಲ ಹೇಳುತ್ತಿದ್ದೆ.

'ಪಾಸಿಟಿವ್ ಬಂದರೆ ಮಗುವನ್ನು ಕಿತ್ತುಕೊಳ್ತೀರಾ?' ಇದನ್ನು ಕೇಳುವಾಗ ಎಲ್ಲರ ದನಿಯೂ ತಗ್ಗುತ್ತಿತ್ತು. ಶುರುವಿನಲ್ಲಿ ತಾಯಿ ಮಗುವನ್ನು ಬೇರೆ ಇಟ್ಟ ಆಸ್ಪತ್ರೆಗಳು ಇದ್ದದ್ದು ನಿಜ. ಆದರೆ ಮಾಸ್ಕ್ ಹಾಕಿಕೊಂಡು, ಕೈ ತೊಳೆದು ಹಾಲು ಕುಡಿಸಬಹುದು, ಮಗುವನ್ನು ಎದೆಗೆ ಒತ್ತಿ ಮಲಗಿಸಿಕೊಳ್ಳಬಹುದು ಅಂತಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ತಾಯಿಗೆ ಇಷ್ಟವಾದ ಒಬ್ಬರು ಹೆರಿಗೆಯಲ್ಲಿ ಜೊತೆಗಿರಬೇಕು ಅಂತಲೂ ಹೇಳಿತ್ತು. ನಾವು ಬಾಗಿಲು ಹಾಕಿದ್ದು ಆತುರದ ಕೆಲಸ ಅಂತ ನನಗೆ ಈಗಲೂ ಅನಿಸುತ್ತದೆ. ಕಿಟ್ ಕೊರತೆ ಇತ್ತು, ಒಪ್ಪುತ್ತೇನೆ. ಆದರೂ ದಾರಿ ಹುಡುಕಬಹುದಿತ್ತು.

ಆ ದಿನಗಳಲ್ಲಿ ನಮ್ಮ ಕೈಲಾದದ್ದು ಸಣ್ಣ ಸಣ್ಣವು. ಗೌನಿನ ಎದೆಯ ಮೇಲೆ ಮಾರ್ಕರ್‌ನಲ್ಲಿ ದೊಡ್ಡದಾಗಿ ಹೆಸರು ಬರೆದುಕೊಂಡೆವು. ತಾಯಿಯ ಫೋನನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಅವರ ಕಿವಿಯ ಹತ್ತಿರ ಹಿಡಿದೆವು. ಮೊದಲ ಅಳು ಹೊರಗಿದ್ದ ಅಪ್ಪನಿಗೂ ಅದೇ ಕ್ಷಣಕ್ಕೆ ಕೇಳಿಸುತ್ತಿತ್ತು.

ಇನ್ನೊಂದು, ಮಾತು ಕೊಡುವಾಗ ಹೀಗೆ ಹೇಳುವುದನ್ನು ರೂಢಿ ಮಾಡಿಕೊಂಡೆ: 'ಇದು ಇವತ್ತಿನ ನಿಯಮ. ಬದಲಾದರೆ ಅವತ್ತೇ ಸಂಜೆ ನಾನೇ ಫೋನ್ ಮಾಡ್ತೀನಿ.' ಆ ವಾರ ದಿನ ಗೊತ್ತಾದವರ ಪಟ್ಟಿ ಸದಾ ಜೇಬಿನಲ್ಲಿರುತ್ತಿತ್ತು.

ತಿಂಗಳುಗಳ ಮೇಲೆ ಮತ್ತೊಂದು ಸುತ್ತೋಲೆ ಬಂತು. ಒಬ್ಬರು ಒಳಗೆ ಬರಬಹುದು. ಪಟ್ಟಿಯಲ್ಲಿ 11 ಹೆಸರಿತ್ತು. ಡ್ಯೂಟಿ ಮುಗಿದ ಮೇಲೂ ಕೂತು ಎಲ್ಲರಿಗೂ ಫೋನ್ ಮಾಡಿದೆ. ಒಬ್ಬರು ಮಾತೇ ಆಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಫೋನನ್ನು ಗಂಡನ ಕೈಗೆ ಕೊಟ್ಟು, 'ಇವರಿಗೆ ಇನ್ನೊಂದ್ಸಲ ಹೇಳಿ' ಅಂದದ್ದು ಕೇಳಿಸಿತು.