ಅಷ್ಟೊಂದು ಕೋವಿಗಳಿರುವಲ್ಲಿ ನಿಮಗೇಕೆ ಭದ್ರತೆ?

ಇತಿಹಾಸದ ಯಾವುದೋ ಕದನವನ್ನು ಆ ಕಾಲದ ಉಡುಪು, ಆಯುಧ, ಡೇರೆಗಳೊಡನೆ ಬಯಲಿನಲ್ಲಿ ಮತ್ತೆ ಆಡಿ ತೋರಿಸುವ ಮರುಅಭಿನಯದ ಕಾರ್ಯಕ್ರಮಗಳಲ್ಲಿ ನಾನು ಪಾಲ್ಗೊಳ್ಳುತ್ತೇನೆಂದು ತಿಳಿದವರು ಒಂದಲ್ಲ ಒಂದು ಹೊತ್ತಿನಲ್ಲಿ ಕೇಳಿಯೇ ಕೇಳುವ ಪ್ರಶ್ನೆ ಇದು. ಸಾವಿರಾರು ಜನ ಕೋವಿ, ಕತ್ತಿ, ಫಿರಂಗಿ ಹಿಡಿದು ನಿಂತಿರುವ ಜಾಗಕ್ಕೆ ಪೊಲೀಸರ ಕಾವಲೇಕೆ, ಅಲ್ಲಿಗೆ ಬಂದು ಹಾವಳಿ ಮಾಡುವ ಧೈರ್ಯ ಯಾರಿಗಿದೆ ಎಂದು ನಗುತ್ತಲೇ ಕೇಳುತ್ತಾರೆ. ಪ್ರಶ್ನೆಯಲ್ಲಿ ತಪ್ಪಿಲ್ಲ, ದೂರದಿಂದ ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ. ಪ್ರತಿ ಸಲ ಒಂದೆರಡು ಮಾತಿನಲ್ಲಿ ತೇಲಿಸಿಬಿಡುತ್ತಿದ್ದ ಉತ್ತರವನ್ನು ಈ ಬಾರಿ ಸಾವಧಾನವಾಗಿ ಬರೆಯುತ್ತಿದ್ದೇನೆ.

ಮೊದಲ ಮಾತು ಆಯುಧಗಳದ್ದು. ಕನ್ನಡದಲ್ಲಿ ನಾವು 'ಮದ್ದುಗುಂಡು' ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವಲ್ಲ, ನಮ್ಮ ಬಯಲಿನಲ್ಲಿ ಆ ಜೋಡಿ ಬೇರೆಯಾಗಿರುತ್ತದೆ: ಮದ್ದು ಇರುತ್ತದೆ, ಗುಂಡು ಇರುವುದಿಲ್ಲ. ಕದನಕ್ಕೆ ಇಳಿಯುವ ಮುನ್ನ ತುಕಡಿಯನ್ನು ಸಾಲಾಗಿ ನಿಲ್ಲಿಸಿ ಪ್ರತಿಯೊಂದು ಕೋವಿಯನ್ನೂ ಪರೀಕ್ಷಿಸುತ್ತಾರೆ. ಮದ್ದು ಜಡಿಯುವ ಉಕ್ಕಿನ ಸರಳನ್ನು ನಳಿಗೆಯೊಳಗೆ ಬಿಟ್ಟಾಗ ತಳಕ್ಕೆ ತಗುಲಿ 'ಠಣ್' ಎಂದು ಗಂಟೆಯಂತೆ ಮೊಳಗಿದರೆ ನಳಿಗೆ ಖಾಲಿ ಎಂದು ಅರ್ಥ. ಸದ್ದು ಮಂಕಾಗಿ ಬಂದರೆ ಒಳಗೇನೋ ಉಳಿದಿದೆ, ಆ ಕೋವಿ ಅಲ್ಲಿಗೇ ಸಾಲಿನಿಂದ ಹೊರಗೆ. ಆ ಬಳಿಕ ಹಲವು ಕಾರ್ಯಕ್ರಮಗಳಲ್ಲಿ ಆ ಸರಳನ್ನು ಕದನದ ವೇಳೆ ಹೊರತೆಗೆಯುವುದಕ್ಕೇ ಅವಕಾಶವಿಲ್ಲ, ಏಕೆಂದರೆ ಗಡಿಬಿಡಿಯಲ್ಲಿ ನಳಿಗೆಯೊಳಗೇ ಮರೆತುಬಿಟ್ಟ ಸರಳು ಬಾಣದಂತೆ ಹಾರಿ ಎದುರಿನವನ ಎದೆಗೆ ನಾಟಬಹುದು. ಇಷ್ಟೆಲ್ಲ ಎಚ್ಚರಿಕೆಯ ನಡುವೆಯೂ 1998ರಲ್ಲಿ ಅಮೆರಿಕದ ಅಂತರ್ಯುದ್ಧದ ಗೆಟಿಸ್‌ಬರ್ಗ್ ಕದನದ 135ನೆಯ ವರ್ಷದ ಮರುಅಭಿನಯದಲ್ಲಿ ಎರವಲು ಪಡೆದ ಪಿಸ್ತೂಲೊಂದರಲ್ಲಿ ನಿಜವಾದ ಗುಂಡು ಉಳಿದಿದ್ದು ಒಬ್ಬರ ಕುತ್ತಿಗೆಗೆ ಹೊಕ್ಕಿತು, ಅವರು ಬದುಕಿಕೊಂಡರು. ಇಂದಿಗೂ ತಪಾಸಣೆಯ ಸಾಲಿನಲ್ಲಿ ಗೊಣಗುವ ಹೊಸಬರಿಗೆ ಹಳಬರು ಹೇಳುವ ಕಥೆ ಅದು. ಅಂದ ಮೇಲೆ ನಮ್ಮ ಕೈಯಲ್ಲಿರುವುದು ಸದ್ದು ಮತ್ತು ಹೊಗೆ ಮಾತ್ರ. ಆ ಕಾಲದ ನುರಿತ ಸಿಪಾಯಿಯೂ ನಿಮಿಷಕ್ಕೆ ಮೂರು ಸುತ್ತು ಹಾರಿಸಿದರೆ ಹೆಚ್ಚು ಎನ್ನುವಂಥ ಕೋವಿ, ಅದರಲ್ಲಿಯೂ ಗುಂಡಿಲ್ಲದ ಕೋವಿ, ನಿಜವಾದ ಹಲ್ಲೆಕೋರನೆದುರು ಊರುಗೋಲಿಗಿಂತ ಹೆಚ್ಚಿನದೇನಲ್ಲ.

ಎರಡನೆಯದು, ಅಂಥ ಧೈರ್ಯ ಯಾರಿಗಿದೆ ಎಂಬ ಮಾತು. ಅಮೆರಿಕದ ವರ್ಜೀನಿಯಾ ರಾಜ್ಯದ ಸೀಡರ್ ಕ್ರೀಕ್ ಎಂಬಲ್ಲಿ 1864ರ ಅಕ್ಟೋಬರ್ 19ರಂದು ಅಂತರ್ಯುದ್ಧದ ಒಂದು ದೊಡ್ಡ ಕದನ ನಡೆಯಿತು. ಅದರ ಮರುಅಭಿನಯ ಪ್ರತಿವರ್ಷ ಅದೇ ಬಯಲಿನಲ್ಲಿ ಆಗುತ್ತಿತ್ತು. 2017ರ ಶರತ್ಕಾಲದಲ್ಲಿ, ಕಾರ್ಯಕ್ರಮ ನಡೆಸಿದರೆ ರಕ್ತಪಾತವಾದೀತು ಎಂಬ ಬೆದರಿಕೆಯ ಪತ್ರ ಸಂಘಟಕರಿಗೆ ಬಂತು. ಕಾರ್ಯಕ್ರಮ ನಡೆಯಿತು. ಅಕ್ಟೋಬರ್ 14ರಂದು, ಶಿಬಿರದಲ್ಲಿ ಜನ ತುಂಬಿರುವಾಗ, ಸಟ್ಲರ್ ಒಬ್ಬರ ಡೇರೆಯಲ್ಲಿ ಪೈಪ್ ಬಾಂಬ್ ಸಿಕ್ಕಿತು. ಸೇನೆಯ ಬೆನ್ನಿಗೇ ಬಂದು ಸಿಪಾಯಿಗಳಿಗೆ ಸರಕು ಮಾರುತ್ತಿದ್ದ ವ್ಯಾಪಾರಿಗಳನ್ನು ಆ ಕಾಲದಲ್ಲಿ ಸಟ್ಲರ್ ಎನ್ನುತ್ತಿದ್ದರು, ಇಂದು ನಮಗೆ ಉಡುಪು, ಗುಂಡಿ, ಬೂಟು ಮಾರುವವರಿಗೂ ಅದೇ ಹೆಸರು. ಬಾಂಬ್ ಸಿಡಿಯಲಿಲ್ಲ, ಯಾರಿಗೂ ಗಾಯವಾಗಲಿಲ್ಲ. ಪತ್ರಗಳು ಮಾತ್ರ ನಿಲ್ಲಲಿಲ್ಲ, ಮತ್ತು 2018ರ ಕಾರ್ಯಕ್ರಮವನ್ನು ಸಂಘಟಕರು ರದ್ದುಮಾಡಬೇಕಾಯಿತು.

ಆ ಪತ್ರಗಳು ಎಡಪಂಥದ ಉಗ್ರ ಚಳವಳಿಗಾರರು ಬರೆದಂತಿದ್ದವು. 2017ರ ಆಗಸ್ಟ್ ತಿಂಗಳಲ್ಲಿ ಅದೇ ರಾಜ್ಯದ ಷಾರ್ಲೆಟ್ಸ್‌ವಿಲ್‌ನಲ್ಲಿ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ನಿಂತಿದ್ದ ದಕ್ಷಿಣದ ರಾಜ್ಯಗಳ ಸೇನಾನಿಗಳ ಸ್ಮಾರಕಗಳ ವಿಷಯಕ್ಕೆ ದೊಡ್ಡ ಗಲಭೆಯಾಗಿ ಪ್ರಾಣಹಾನಿಯೂ ಆಗಿದ್ದರಿಂದ ಎಲ್ಲರೂ ಅದನ್ನೇ ನಂಬಿದರು. ನಮ್ಮ ವಲಯದಲ್ಲಂತೂ ಅದನ್ನು ಬಿಟ್ಟು ಬೇರೆ ಮಾತೇ ಇರಲಿಲ್ಲ. ವರ್ಷಗಳ ತನಿಖೆಯ ನಂತರ ಆರೋಪಪಟ್ಟಿ ಸಲ್ಲಿಕೆಯಾದದ್ದು ಒಬ್ಬ ಮಾಜಿ ಮರುಅಭಿನಯಕಾರನ ಮೇಲೆ. ತನ್ನ ತುಕಡಿಯಿಂದ ಹೊರಹಾಕಲ್ಪಟ್ಟಿದ್ದ ಆತ ಕೊನೆಗೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ನಮ್ಮಂತೆಯೇ ಉಣ್ಣೆಯ ಕೋಟು ತೊಟ್ಟು, ನಮ್ಮದೇ ಬೆಂಕಿಯ ಸುತ್ತ ಕುಳಿತಿದ್ದವನು. ಈ ಹವ್ಯಾಸದ ಭದ್ರತೆಯ ಬಗ್ಗೆ ನಾನು ಏನನ್ನಾದರೂ ಯೋಚಿಸುವಾಗ ಆರಂಭಿಸುವುದು ಇಲ್ಲಿಂದ. ಬೆದರಿಕೆಯ ಪತ್ರದಲ್ಲಿ ಯಾರ ಹೆಸರಿದೆಯೋ ಅವರದೇ ಕೆಲಸವೆಂದು ತಿಳಿದು ಬೇಲಿಯ ಹೊರಗಷ್ಟೇ ಕಣ್ಣಿಟ್ಟು ಕೂತರೆ, ಒಳಗಿರುವ ಡೇರೆಯನ್ನು ನೋಡುವವರು ಯಾರು?

ಡೇರೆಯನ್ನು ನೋಡುವುದು ಹೇಳಿದಷ್ಟು ಸುಲಭವೂ ಅಲ್ಲ. ರೈಲ್ವೆ ನಿಲ್ದಾಣದಲ್ಲಿ ವಾರಸುದಾರರಿಲ್ಲದ ಚೀಲ ಕಂಡರೆ ತಿಳಿಸಿ ಎಂದು ಬರೆದಿರುತ್ತಾರೆ. ಅಲ್ಲಿ ಅಂಥ ಚೀಲ ಎದ್ದು ಕಾಣುತ್ತದೆ. ನಮ್ಮ ಶಿಬಿರದಲ್ಲಿ ಎಲ್ಲವನ್ನೂ ಮುಚ್ಚಿಡುವುದೇ ಶಿಷ್ಟಾಚಾರ. ಐಸ್ ಪೆಟ್ಟಿಗೆ, ಔಷಧದ ಡಬ್ಬಿ, ಫೋನು, ಪ್ಲಾಸ್ಟಿಕ್ ಬಾಟಲಿ, ಹೀಗೆ ಆ ಕಾಲಕ್ಕೆ ಸೇರದ ಯಾವ ವಸ್ತುವೂ ಪ್ರೇಕ್ಷಕರ ಕಣ್ಣಿಗೆ ಬೀಳಕೂಡದೆಂದು ಕಂಬಳಿ ಹೊದಿಸಿ, ಗೋಣಿಯಲ್ಲಿ ಸುತ್ತಿ, ಮೇಜಿನಡಿಗೆ ತಳ್ಳಿರುತ್ತೇವೆ. ಹಾಗೆ ಮಾಡದವರನ್ನು 'ಫಾರ್ಬ್' ಎಂದು ಹಂಗಿಸುವ ವಾಡಿಕೆಯೂ ಅಮೆರಿಕದ ತಂಡಗಳಲ್ಲಿದೆ. ಎಂದರೆ, ಬಚ್ಚಿಟ್ಟ ವಸ್ತುಗಳೇ ತುಂಬಿರುವ ಜಾಗದಲ್ಲಿ ಬಚ್ಚಿಟ್ಟ ಇನ್ನೊಂದು ವಸ್ತುವನ್ನು ಗುರುತಿಸಬೇಕು.

ಒಮ್ಮೆ ನಾನಿದ್ದ ಶಿಬಿರದಲ್ಲಿ, ಸಂಜೆಯ ಹೊತ್ತು, ವ್ಯಾಪಾರಿಯೊಬ್ಬರು ಮಾರಾಟದ ಮೇಜಿನ ಬಟ್ಟೆ ಎತ್ತಿ ನೋಡಿದಾಗ ತಮ್ಮದಲ್ಲದ ಒಂದು ಮರದ ಪೆಟ್ಟಿಗೆ ಕಾಣಿಸಿತು. ಹಳೆಯ ಕ್ಯಾನ್ವಾಸ್ ಸುತ್ತಿ ಹುರಿ ಬಿಗಿದಿತ್ತು. ಅವರು ಅದನ್ನು ಮುಟ್ಟಲಿಲ್ಲ, ಅಲುಗಿಸಲಿಲ್ಲ, ಯಾರನ್ನೂ ಕೂಗಿ ಕರೆಯಲೂ ಇಲ್ಲ. ಬಟ್ಟೆಯನ್ನು ಇದ್ದಂತೆಯೇ ಇಳಿಬಿಟ್ಟು, ಅಂಗಡಿಯಲ್ಲಿದ್ದ ಗಿರಾಕಿಗಳನ್ನು ಮಾತನಾಡಿಸುತ್ತಲೇ ಹೊರಗೆ ಕರೆತಂದು, ಪಕ್ಕದ ಡೇರೆಯವರಿಗೆ ಹೇಳಿ, ತಾವೇ ನಡೆದುಹೋಗಿ ಸಂಘಟಕರಿಗೆ ತಿಳಿಸಿದರು. ಅನುಮಾನದ ವಸ್ತುವಿನ ಹತ್ತಿರ ಮೊಬೈಲ್ ಫೋನಾಗಲಿ ವೈರ್‌ಲೆಸ್ ಆಗಲಿ ಬಳಸಬಾರದೆಂಬ ಸೂಚನೆ ಅವರಿಗೆ ನೆನಪಿತ್ತು. ಇಡೀ ಸಾಲು ಖಾಲಿಯಾಯಿತು. ಮುಕ್ಕಾಲು ಗಂಟೆಯ ನಂತರ ಪೆಟ್ಟಿಗೆಯ ಒಡೆಯ ಸಿಕ್ಕಿದ: ನಮ್ಮದೇ ತುಕಡಿಯ ಹುಡುಗ, ಫೋನ್ ಚಾರ್ಜರ್ ಮತ್ತು ಬ್ಯಾಟರಿಗಳನ್ನು ಯಾರಿಗೂ ಕಾಣದಿರಲೆಂದು ಅಲ್ಲಿ ಇಟ್ಟಿದ್ದ. ಅವನಿಗಾದ ನಾಚಿಕೆಯನ್ನು ಹೇಳುವುದು ಬೇಡ. ಅಂದಿನಿಂದ ನಮ್ಮ ತುಕಡಿಯಲ್ಲಿ ಪ್ರತಿ ಪೆಟ್ಟಿಗೆ, ಪ್ರತಿ ಚೀಲದ ಅಡಿಗೂ ಒಡೆಯನ ಹೆಸರು ಬರೆದ ಪಟ್ಟಿ ಇರುತ್ತದೆ, ಬೇರೆಯವರ ಡೇರೆಯಲ್ಲಿ ಒಂದು ಕರವಸ್ತ್ರವನ್ನೂ ಹೇಳದೆ ಇಡುವಂತಿಲ್ಲ, ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಮತ್ತು ಸಂಜೆ ಮುಚ್ಚುವ ಮೊದಲು ವ್ಯಾಪಾರಿಗಳು ಮೇಜಿನಡಿ ಬಗ್ಗಿ ನೋಡುತ್ತಾರೆ.

ವಸ್ತುಗಳ ಹಾಗೆಯೇ ಜನ. ಸಮವಸ್ತ್ರ ತೊಟ್ಟವನನ್ನು ಕಂಡರೆ ನಮ್ಮವನೇ ಎಂದು ಮನಸ್ಸು ತಾನಾಗಿ ಒಪ್ಪಿಬಿಡುತ್ತದೆ, ಆದರೆ ಆ ಸಮವಸ್ತ್ರವನ್ನು ಯಾರು ಬೇಕಾದರೂ ಕೊಳ್ಳಬಹುದು. ಹಿಂದೆಲ್ಲ ಕಾರ್ಯಕ್ರಮದ ಬೆಳಿಗ್ಗೆ ಬಂದು ಸೇರಿಕೊಂಡವನಿಗೂ ಸಾಲಿನಲ್ಲಿ ಜಾಗ ಕೊಡುತ್ತಿದ್ದರು. ಈಗ ಮುಂಗಡ ನೋಂದಣಿ, ತುಕಡಿಯ ಮುಖ್ಯಸ್ಥರ ಹೊಣೆ, ಮುಂಗೈಗೆ ಪಟ್ಟಿ. ಹತ್ತೊಂಬತ್ತನೆಯ ಶತಮಾನದ ತೋಳಿನ ಕೆಳಗೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಇಣುಕುವುದನ್ನು ಕಂಡು ಕರಕರೆಪಡುವ ಶುದ್ಧಾಚಾರದವರು ಇನ್ನೂ ಇದ್ದಾರೆ, ಅವರಿಗೆ ತೋಳು ಇನ್ನೆರಡು ಬೆರಳು ಉದ್ದ ಹೊಲಿಸಿಕೊಳ್ಳಿ ಎನ್ನುತ್ತೇವೆ. ಇದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಮಾತ್ರ ಆ ಕಾಲದ ಸೇನೆಯದೇ ಪದ್ಧತಿ. ಬೆಳಿಗ್ಗೆ ಮತ್ತು ಸಂಜೆ ಸಾರ್ಜೆಂಟ್ ಹೆಸರು ಕೂಗಿ ಹಾಜರಿ ತೆಗೆದುಕೊಳ್ಳುವುದನ್ನು ನಾವು ಪ್ರೇಕ್ಷಕರಿಗೆ ತೋರಿಸಲೆಂದು ಮಾಡುತ್ತಿದ್ದೆವು. ಶಿಬಿರ ತೆರವು ಮಾಡಿ ದೂರದ ಗದ್ದೆಯಲ್ಲಿ ನಿಂತಾಗ ಯಾರು ಬಂದರು, ಯಾರು ಬರಲಿಲ್ಲ ಎಂದು ಎರಡು ನಿಮಿಷದಲ್ಲಿ ಹೇಳಬಲ್ಲದ್ದು ಆ ಹಾಜರಿ ಪುಸ್ತಕ ಒಂದೇ.

ಬಾಗಿಲಿನ ತಪಾಸಣೆಯ ಬಗ್ಗೆ ನನಗೆ ಅಂಥ ದೊಡ್ಡ ಭರವಸೆಯಿಲ್ಲ. ಬೇಡವೆನ್ನುವುದಿಲ್ಲ, ಆದರೆ ಕದನದ ಬಯಲೆಂದರೆ ಹೊಲ, ತೋಪು, ಹಳ್ಳಗಳು ಸೇರಿದ ಮೈಲಿಗಟ್ಟಲೆ ಅಂಚು. 2019ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಗಿಲ್ರಾಯ್ ಬೆಳ್ಳುಳ್ಳಿ ಉತ್ಸವದಲ್ಲಿ ಪ್ರವೇಶದ್ವಾರದಲ್ಲಿ ಚೀಲಗಳ ತಪಾಸಣೆ ನಡೆಯುತ್ತಿರುವಾಗಲೇ ಬಂದೂಕುಧಾರಿ ಹಿಂಬದಿಯ ಬೇಲಿ ಕತ್ತರಿಸಿ ಒಳಬಂದು ಮೂವರನ್ನು ಕೊಂದ. ಹಿಂದಿನ ಅಂಚಿನಲ್ಲಿ ಕುದುರೆ ಸವಾರರ ಗಸ್ತು ನಮ್ಮಲ್ಲಿ ಹೇಗೂ ಇರುತ್ತದೆ. ಅವರ ಕೈಗೆ ಒಂದು ರೇಡಿಯೊ ಕೊಟ್ಟರೆ ಆ ವೇಷಕ್ಕೂ ಒಂದು ಕೆಲಸವಾಯಿತು. 2016ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ಲಾರಿ ನುಗ್ಗಿಸಿ 86 ಜನರನ್ನು ಕೊಂದ ಮೇಲೆ ಪ್ರೇಕ್ಷಕರು ನಿಲ್ಲುವ ಕಡೆ ವಾಹನ ಬಾರದಂತೆ ಅಡ್ಡಗಟ್ಟುವುದೂ ಸಾಮಾನ್ಯವಾಗಿದೆ.

ನಿಜವಾಗಿಯೂ ನಿದ್ದೆಗೆಡಿಸುವುದು ಸದ್ದು. 2022ರ ಜುಲೈ 4ರಂದು ಇಲಿನಾಯ್ ರಾಜ್ಯದ ಹೈಲ್ಯಾಂಡ್ ಪಾರ್ಕ್‌ನ ಮೆರವಣಿಗೆಯ ಮೇಲೆ ಗುಂಡಿನ ದಾಳಿಯಾದಾಗ ಹಲವರು ಮೊದಲು ಅದನ್ನು ಪಟಾಕಿಯೆಂದೇ ತಿಳಿದರು, ಏಳು ಜನ ಸತ್ತರು. ಪಟಾಕಿಯ ಜಾಗದಲ್ಲಿ ನೂರಾರು ಕೋವಿಗಳನ್ನು ಇಟ್ಟು ನೋಡಿ. ನಮ್ಮ ಬಯಲಿನಲ್ಲಿ ಗುಂಡಿನ ಸದ್ದಿಗೆ ಜನ ಚಪ್ಪಾಳೆ ತಟ್ಟುತ್ತಾರೆ, ಬಿದ್ದು ನರಳುವವನ ಚಿತ್ರ ತೆಗೆಯುತ್ತಾರೆ. ಹಾಗಾಗಿ ನಾಟಕವನ್ನು ನಿಲ್ಲಿಸುವ ಒಂದು ಮಾತು ಬೇಕು, ಅದು ಆ ಕಾಲದ ಮಾತಾಗಿರಕೂಡದು. ಮಧ್ಯಯುಗದ ಕದನಗಳನ್ನಾಡುವ, 1966ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಎಸ್‌ಸಿಎ ಸಂಸ್ಥೆಯವರು 'ಹೋಲ್ಡ್' ಎಂದು ಕೂಗುತ್ತಾರೆ. ಕೇಳಿದ ಪ್ರತಿಯೊಬ್ಬನೂ ಅದನ್ನೇ ಕೂಗಿ ಇದ್ದಲ್ಲೇ ನಿಲ್ಲಬೇಕು. ಕೋವಿಯ ಕಾಲದ ತಂಡಗಳಲ್ಲಿ ಗಾಯಾಳು ಪಾತ್ರಧಾರಿ 'ಸರ್ಜನ್' ಎಂದು ಅರಚಿದರೆ ಅದು ನಟನೆ, 'ಮೆಡಿಕ್' ಎಂದರೆ ನಿಜ ಎಂಬ ವ್ಯತ್ಯಾಸವನ್ನು ಹಲವೆಡೆ ಕಲಿಸುತ್ತಾರೆ. ಪ್ರೇಕ್ಷಕರಿಗಂತೂ ಧ್ವನಿವರ್ಧಕದಲ್ಲಿ ಪಾತ್ರದ ಧಾಟಿ ಬಿಟ್ಟು, "ಇದು ಪ್ರದರ್ಶನದ ಭಾಗವಲ್ಲ, ಎದ್ದು ಎಡಗಡೆಯ ದಾರಿಯಿಂದ ನಡೆಯಿರಿ" ಎಂದು ಬರಿಯ ಮಾತಿನಲ್ಲಿ ಹೇಳಬೇಕು. ಒಂದು ತಾಲೀಮಿನಲ್ಲಿ ನಮ್ಮ ನಿರೂಪಕರು ಅಭ್ಯಾಸಬಲದಿಂದ ಸೇನಾಧಿಪತಿಯ ಗಂಭೀರ ದನಿಯಲ್ಲೇ ಈ ಸೂಚನೆ ಓದಿದರು. ಪ್ರೇಕ್ಷಕರಾಗಿ ಕೂತಿದ್ದ ಸ್ವಯಂಸೇವಕರು ನಗುತ್ತಾ ಕೂತೇ ಇದ್ದರು.

ಅದರ ಮುಂದಿನ ಘಟ್ಟ, ಪೊಲೀಸರು ಓಡಿಬರುವುದು. ಅವರ ಕಣ್ಣಿಗೆ ಬೀಳುವುದು ಕೋವಿ ಹಿಡಿದು ಅತ್ತಿತ್ತ ಓಡುವ ಮುನ್ನೂರು ಜನ. ಹಲ್ಲೆಕೋರನನ್ನು ಬೆನ್ನಟ್ಟಿ ಸಾಹಸ ತೋರುವ ಹುಮ್ಮಸ್ಸು ಹೊಸಬರಲ್ಲಿ ಇರುತ್ತದೆ, ಅದನ್ನು ಆರಂಭದಲ್ಲೇ ಇಳಿಸಬೇಕು. ನಾವು ಕಲಿತಿರುವುದು ಇಷ್ಟೇ: ಆಯುಧವನ್ನು ನೆಲಕ್ಕಿಟ್ಟು, ಅದರಿಂದ ದೂರ ಸರಿದು, ಖಾಲಿ ಕೈಗಳು ಕಾಣುವಂತೆ ನಡೆಯುವುದು. ದುಬಾರಿ ಬೆಲೆ ಕೊಟ್ಟು ಕೊಂಡ ಕೋವಿಯನ್ನು ಕೆಸರಿನಲ್ಲಿ ಬಿಟ್ಟುಹೋಗಲು ಕೈ ಬಾರದು, ನಿಜ. ಅದಕ್ಕಾಗಿಯೇ ತಾಲೀಮು ಬೇಕಾಗಿರುವುದು. ಜತೆಗೆ ಎಷ್ಟು ಜನ, ಯಾವ ಬಣ್ಣದ ಉಡುಪು, ಫಿರಂಗಿಗಳೆಲ್ಲಿ, ಮದ್ದಿನ ಪೆಟ್ಟಿಗೆಗಳೆಲ್ಲಿ ಎಂಬುದನ್ನು ಸ್ಥಳೀಯ ಪೊಲೀಸರಿಗೆ ಮೊದಲೇ ನಕ್ಷೆ ಸಮೇತ ಕೊಟ್ಟಿರುತ್ತಾರೆ. ಫಿರಂಗಿಯ ಮದ್ದಿನ ಪೆಟ್ಟಿಗೆಯ ಬಳಿ ಮಾತ್ರ ಹಗಲೂ ರಾತ್ರಿ ಕಾವಲಿರುತ್ತದೆ, ಏಕೆಂದರೆ ನಮ್ಮಲ್ಲಿ ಕದಿಯಲು ಯೋಗ್ಯವಾದ ಅಪಾಯವೆಂದರೆ ಅದೊಂದೇ.

ಕಾನೂನಿನ ಮಾತು ಚಿಕ್ಕದಾಗಿ. ಬ್ರಿಟನ್ನಿನಲ್ಲಿ ಕರಿಮದ್ದು ಇಟ್ಟುಕೊಳ್ಳಲು ಪ್ರತ್ಯೇಕ ಪರವಾನಗಿ ಬೇಕು. 2025ರಲ್ಲಿ ಅಲ್ಲಿ ಬಂದ ಹೊಸ ಕಾಯಿದೆ, ಜಾರಿಯಾದ ಮೇಲೆ, ಪ್ರವೇಶಕ್ಕೆ ಟಿಕೆಟ್ಟಿನಂಥ ತಪಾಸಣೆಯಿರುವ ಮತ್ತು 800 ಅಥವಾ ಅದಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮಗಳ ಸಂಘಟಕರ ಮೇಲೆ ಭಯೋತ್ಪಾದನೆಯ ವಿರುದ್ಧ ಸಿದ್ಧತೆಯ ಹೊಣೆ ಹೊರಿಸುತ್ತದೆ. ನ್ಯೂಯಾರ್ಕ್ ರಾಜ್ಯದಲ್ಲಿ ಉಲ್ಟಾ ಆಯಿತು: 2022ರ ಬಂದೂಕು ಕಾನೂನು ಉದ್ಯಾನದಂಥ ಸಾರ್ವಜನಿಕ ಸ್ಥಳಗಳಲ್ಲಿ ಬಂದೂಕು ನಿಷೇಧಿಸಿದಾಗ ಮರುಅಭಿನಯದವರೂ ಅದರ ಬಲೆಗೆ ಸಿಕ್ಕಿ ಹಲವು ಕಾರ್ಯಕ್ರಮಗಳು ನಿಂತುಹೋದವು, ಮರುವರ್ಷ ತಿದ್ದುಪಡಿ ಮಾಡಿ ವಿನಾಯಿತಿ ಕೊಟ್ಟರು.

ಕೊನೆಗೆ ಎಲ್ಲರೂ ತಲುಪುವ ಉಪಪ್ರಶ್ನೆ: ಬೆದರಿಕೆ ಬಂದರೆ ರದ್ದುಮಾಡುವುದು ಸೋಲಲ್ಲವೆ? 2017ರ ನವೆಂಬರಿನಲ್ಲಿ ಗೆಟಿಸ್‌ಬರ್ಗ್‌ನ ಸ್ಮರಣಾ ದಿನದ ಮೆರವಣಿಗೆಗೂ ಬೆದರಿಕೆ ಬಂದಿತ್ತು. ಪೊಲೀಸರ ದೊಡ್ಡ ಬಂದೋಬಸ್ತಿನಲ್ಲಿ ಅದು ನಡೆಯಿತು. ಸೀಡರ್ ಕ್ರೀಕ್‌ನವರು ಮರುವರ್ಷ ನಿಲ್ಲಿಸಿದರು. ಎರಡೂ ಸರಿಯೆಂದೇ ನನ್ನ ಅಭಿಪ್ರಾಯ. ಪಟ್ಟಣದ ಬೀದಿಗೆ ಇರುವ ಪೊಲೀಸ್ ಬಲ ಊರಾಚೆಯ ಹೊಲಕ್ಕೆ ಸಿಗುವುದಿಲ್ಲ, ಮತ್ತು ಸ್ವಯಂಸೇವಕರೇ ನಡೆಸುವ ಸಣ್ಣ ಪ್ರತಿಷ್ಠಾನವೊಂದು ಅದರ ಖರ್ಚನ್ನು ತಡೆದುಕೊಳ್ಳಲಾರದು. ಪಾತ್ರಧಾರಿಗಳಾದ ನಾವು ಅಪಾಯ ತಿಳಿದೇ ಬಂದವರು. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಫಿರಂಗಿ ನೋಡಲು ಬಂದವರ ಪರವಾಗಿ ಧೈರ್ಯ ತೋರುವ ಹಕ್ಕು ನಮಗಿಲ್ಲ.

ನೀವು ಈಗಲೂ ಹೋಗುತ್ತೀರಾ ಎಂದರೆ, ಹೋಗುತ್ತೇನೆ. ಡೇರೆ ಹೊಡೆದು, ಪೆಟ್ಟಿಗೆಯ ಅಡಿಗೆ ಹೆಸರಿನ ಪಟ್ಟಿ ಅಂಟಿಸಿ, ಎಡಕ್ಕೂ ಬಲಕ್ಕೂ ಇರುವ ಡೇರೆಯವರ ಹೆಸರು ಕೇಳಿಕೊಂಡ ಮೇಲೆಯೇ ಉಣ್ಣೆಯ ಕೋಟು ಹಾಕಿಕೊಳ್ಳುತ್ತೇನೆ.