ನಾಲ್ಕನೇ ಡಬ್ಬಿ

ನಮ್ಮ ಅರ್ಥಶಾಸ್ತ್ರದ ಸರ್ ಈ ಮಳೆಗಾಲದಲ್ಲಿ ತೀರಿಕೊಂಡರು. ಸುದ್ದಿ ಕೇಳಿದ ಕೂಡಲೇ ನನ್ನ ಕಿವಿಯಲ್ಲಿ 16 ಎಂಎಂ ಪ್ರೊಜೆಕ್ಟರಿನ ಟರ್ರ್ ಸದ್ದು ಶುರುವಾಯಿತು. ನಮ್ಮ ಬ್ಯಾಚಿನವರಿಗೆಲ್ಲ ಹಾಗೇ ಆಗಿರಬೇಕು.

1982ರಿಂದ 85ರವರೆಗೆ ನಾನು ಉಡುಪಿಯ ಈ ಕಾಲೇಜಿನಲ್ಲಿ ಬಿ.ಕಾಂ. ಓದಿದೆ. ಸರ್ ಮಾಡಿದ ಪಾಠದಲ್ಲಿ ಬೇಡಿಕೆ, ಪೂರೈಕೆಯ ಎರಡು ಗೆರೆ ಬಿಟ್ಟರೆ ಈಗ ಏನೂ ನೆನಪಿಲ್ಲ. ಅವರು ತೋರಿಸಿದ ಸಿನಿಮಾಗಳು ಮಾತ್ರ ಒಂದೊಂದೂ ನೆನಪಿವೆ. ಅದರಲ್ಲೂ ನಿರ್ದೇಶಕ ಶ್ಯಾಮ್ ಬೆನಗಲ್ ಅವರದ್ದು. ಬೆನಗಲ್ ಎಂದರೆ ಸರ್‌ಗೆ ಪ್ರಾಣ. ಬೆನಗಲ್ಲರ ಮನೆಮಾತು ಕೊಂಕಣಿ, ಹಿಂದಿ ಸಿನಿಮಾದ ಗುರುದತ್ತರಿಗೆ ಅವರು ಸಂಬಂಧಿ, ಗುರುದತ್ತರ ಹೆಸರಿನ ಜೊತೆ ಇರುವ ಪಡುಕೋಣೆ ನಮ್ಮ ಕುಂದಾಪುರದ ಹತ್ತಿರದ್ದು ಎಂದು ಎಲ್ಲ ನಂಟು ಬಿಡಿಸಿ ಹೇಳಿ, ಕೊನೆಗೆ "ಆದ್ರೆ ಅವ್ರು ಹುಟ್ಟಿದ್ದು ಹೈದರಾಬಾದಿನಲ್ಲಿ, ನಮ್ಮವ್ರು ಅಂತ ಜಾಸ್ತಿ ಹಾರಾಡ್ಬೇಡಿ" ಎಂದು ನಿಲ್ಲಿಸುತ್ತಿದ್ದರು.

1983ರ ಆಗಸ್ಟ್ ಇರಬೇಕು, 'ಮಂಥನ್' ಬಂತು. ರೀಲುಗಳು ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ತಗಡಿನ ಡಬ್ಬಿಗಳಲ್ಲಿ ಬರುತ್ತಿದ್ದವು. ದೊಡ್ಡ ಕ್ಲಾಸ್‌ರೂಮಿನ ಕಿಟಕಿಗಳಿಗೆ ಕಪ್ಪು ಬಟ್ಟೆ, ಬೋರ್ಡಿನ ಮೇಲೆ ಸರ್ ಮನೆಯಿಂದ ತಂದ ಬಿಳಿ ಪಂಚೆ. ಹೊರಗೆ ಹೆಂಚಿನ ಮೇಲೆ ಧೋ ಎಂದು ಮಳೆ. ಹಿಂದಿ ನಮಗೆ ಅಷ್ಟಕ್ಕಷ್ಟೇ. ಸರ್ ಪರದೆಯ ಪಕ್ಕ ನಿಂತು, ತಾಳಮದ್ದಳೆಯಲ್ಲಿ ಅರ್ಥ ಹೇಳುವ ಹಾಗೆ, ಮಳೆಗಿಂತ ಗಟ್ಟಿ ದನಿಯಲ್ಲಿ ಕನ್ನಡದಲ್ಲಿ ಹೇಳುತ್ತಾ ಹೋಗುತ್ತಿದ್ದರು.

ಸಿನಿಮಾ ಶುರುವಾಗುವುದೇ ರೈಲಿನಿಂದ. ಆಗ ಉಡುಪಿಗೆ ರೈಲು ಬಂದಿರಲಿಲ್ಲ. ನಮ್ಮಲ್ಲಿ ಅರ್ಧ ಜನ ರೈಲನ್ನು ಹತ್ತಿರದಿಂದ ನೋಡಿದವರೇ ಅಲ್ಲ, ರೈಲು ಕಂಡದ್ದಕ್ಕೇ ಶಿಳ್ಳೆ ಬಿತ್ತು. ರೈಲಿನಿಂದ ಇಳಿದವರು ನಮ್ಮ ಗಿರೀಶ ಕಾರ್ನಾಡ್, ಗುಜರಾತಿನ ಒಂದು ಹಳ್ಳಿಗೆ ಹಾಲಿನ ಸಹಕಾರ ಸಂಘ ಕಟ್ಟಲು ಬಂದ ಡಾಕ್ಟರ್ ರಾವ್ ಆಗಿ.

ನಾಲ್ಕು ಡಬ್ಬಿಗಳಿದ್ದವು. ಹಿಂದಿನ ದಿನ ಸಂಜೆ ನಾನು ಮತ್ತು ಇನ್ನಿಬ್ಬರು ಸೇರಿ ಮೂರನೇ ಡಬ್ಬಿಯ ರೀಲನ್ನು ನಾಲ್ಕನೆಯದಕ್ಕೂ ನಾಲ್ಕರದ್ದನ್ನು ಮೂರಕ್ಕೂ ಹಾಕಿಟ್ಟಿದ್ದೆವು. ಗಲಾಟೆಯಾಗಿ ಮಧ್ಯಾಹ್ನದ ಕ್ಲಾಸು ಬಿಟ್ಟುಹೋಗಲಿ ಎಂಬುದಷ್ಟೇ ನಮ್ಮ ಆಸೆ.

ಮೂರನೇ ಡಬ್ಬಿಯ ರೀಲು ಓಡಿದಾಗ ಏನಾಯಿತೆಂದರೆ, ಹರಿಜನರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಯಾಕೆ ಎಂದು ಯಾರಿಗೂ ತಿಳಿಯಲಿಲ್ಲ. ನೋಡುತ್ತಿದ್ದ ಹಾಗೇ ರಾವ್‌ಗೆ ವರ್ಗವಾಗಿ ಅವರು ಊರು ಬಿಟ್ಟೂ ಆಯಿತು. ನಾವು ಮೂವರು ಬಾಯಿಗೆ ಕೈ ಅಡ್ಡ ಇಟ್ಟು ಕುಳಿತಿದ್ದೆವು. ಸರ್‌ಗೆ ಮೊದಲ ನಿಮಿಷದಲ್ಲೇ ಗೊತ್ತಾಗಿತ್ತು, ಆದರೂ ಪ್ರೊಜೆಕ್ಟರ್ ನಿಲ್ಲಿಸಲಿಲ್ಲ. ರೀಲು ಮುಗಿದ ಮೇಲೆ ಲೈಟು ಹಾಕಿದರು. ಬೈಗುಳಕ್ಕೆ ನಾವು ತಯಾರಾಗಿದ್ದೆವು.

"ನಡುವೆ ಒಂದು ರೀಲು ಬಾಕಿ ಉಂಟು" ಎಂದರು. "ಬೆಂಕಿ ಯಾಕೆ ಹಾಕಿದ್ರು? ನೀವೇ ಹೇಳಿ."

ಒಬ್ಬೊಬ್ಬರು ಒಂದೊಂದು ಹೇಳಿದರು. ಸಾಲ ತೀರಿಸಿರಲಿಕ್ಕಿಲ್ಲ, ಹುಡುಗಿಯ ವಿಷಯ ಇರಬಹುದು, ಕುಡಿದ ಗಲಾಟೆ. ಕೊನೇ ಬೆಂಚಿನಲ್ಲಿ ಒಬ್ಬ ಹುಡುಗ ಇದ್ದ. ಅವನ ಮನೆ ಊರಿನಿಂದಾಚೆ ಕಾಲನಿಯಲ್ಲಿ. ಹಾಜರಿಗೆ "ಪ್ರೆಸೆಂಟ್ ಸರ್" ಅನ್ನುವುದು ಬಿಟ್ಟು ಅವನು ಮಾತಾಡಿದ್ದನ್ನು ನಾವು ಕೇಳಿಯೇ ಇರಲಿಲ್ಲ. ಅವನು ಎದ್ದು ನಿಂತ.

"ಅವ್ರು ಯಾವುದರಲ್ಲೋ ಗೆದ್ದಿರ್ಬೇಕು ಸರ್" ಎಂದ.

ಕ್ಲಾಸು ಗಪ್‌ಚಿಪ್. ಸರ್ ಏನೂ ಹೇಳದೆ ಲೈಟು ಆರಿಸಿ ಉಳಿದ ರೀಲು ಹಾಕಿದರು. ಸಂಘದ ಚುನಾವಣೆ, ಸರಪಂಚ ಸೋತದ್ದು, ಹರಿಜನರು ಗೆದ್ದದ್ದು ಎಲ್ಲ ಅದರಲ್ಲಿತ್ತು. ಆ ಹುಡುಗ ಹೇಳಿದ್ದೇ ಸರಿ. ಆಮೇಲೆ ನಾನು ಆ ಸಿನಿಮಾವನ್ನು ಸರಿಯಾದ ಕ್ರಮದಲ್ಲಿ ಐದಾರು ಸಲ ನೋಡಿದ್ದೇನೆ, ಅವತ್ತು ಹೊಟ್ಟೆಯೊಳಗೆ ಆದ ಹಾಗೆ ಯಾವತ್ತೂ ಆಗಿಲ್ಲ.

ಶಿಕ್ಷೆ ಸಿಕ್ಕಿತು. ಮರುದಿನ ಸರ್ ನನ್ನನ್ನು ಕರೆದು, "ರೀಲು ಬದಲಾಯಿಸ್ಲಿಕ್ಕೆ ಬರ್ತದಲ್ವಾ, ಇನ್ನು ಸುತ್ತಲಿಕ್ಕೂ ಕಲಿ" ಎಂದರು. ಡಿಗ್ರಿ ಮುಗಿಯುವವರೆಗೆ ಪ್ರತಿ ಸಿನಿಮಾದ ರೀಲನ್ನು ಕೈಯಲ್ಲಿ ತಿರುಗಿಸಿ ಸುತ್ತಿ, ಡಬ್ಬಿಗೆ ಹಾಕಿ, ಬಸ್‌ಸ್ಟ್ಯಾಂಡಿಗೆ ಹೊತ್ತುಕೊಂಡು ಹೋಗುವುದು ನನ್ನ ಕೆಲಸ. ಸರ್ ಜೊತೆಗೆ ಬರುತ್ತಿದ್ದರು. ನನ್ನ ನಿಜವಾದ ಕಾಲೇಜು ಆ ದಾರಿ. ಹೋಗುತ್ತಾ ಹೋಗುತ್ತಾ ಹೇಳುತ್ತಿದ್ದರು. 1934ರಲ್ಲಿ ಹುಟ್ಟಿದ ಬೆನಗಲ್, ಫೋಟೋಗ್ರಾಫರ್ ಅಪ್ಪನ ಕ್ಯಾಮೆರಾದಲ್ಲಿ ಹನ್ನೆರಡನೇ ವಯಸ್ಸಿಗೇ ಸಿನಿಮಾ ಮಾಡಿದ ಹುಡುಗ, ಮುಂಬೈಯಲ್ಲಿ ವರ್ಷಗಟ್ಟಲೆ ಜಾಹೀರಾತು ಚಿತ್ರ ಮಾಡಿ ಮೊದಲ ಕಥಾಚಿತ್ರ 'ಅಂಕುರ್' ತೆರೆಗೆ ತಂದದ್ದು 1974ರಲ್ಲಿ, ಹತ್ತಿರ ಹತ್ತಿರ 40 ವರ್ಷಕ್ಕೆ. ನಮ್ಮ ಅನಂತನಾಗ್ ಅದರಲ್ಲಿ ಜಮೀನ್ದಾರನ ಮಗ. ಕೊನೆಗೆ ಒಬ್ಬ ಪುಟ್ಟ ಹುಡುಗ ಅವನ ಕಿಟಕಿಗೆ ಕಲ್ಲು ಹೊಡೆದು ಓಡುತ್ತಾನೆ. "ಆ ಹುಡುಗನ ಮನೆಯವ್ರಿಗೆ ಮರುದಿನ ಕೆಲಸ ಯಾರು ಕೊಡ್ತಾರೆ, ಯೋಚ್ನೆ ಮಾಡು" ಎನ್ನುತ್ತಿದ್ದರು ಸರ್. ಅರ್ಥಶಾಸ್ತ್ರ ಎಂದರೆ ಅವರಿಗೆ ಇದು.

'ಮಂಥನ್' ದುಡ್ಡಿನ ಕಥೆಯನ್ನಂತೂ ಎಷ್ಟು ಸಲ ಹೇಳಿದರೋ. ಗುಜರಾತಿನ 5 ಲಕ್ಷ ಹಾಲು ರೈತರು ತಲೆಗೆ 2 ರೂಪಾಯಿ ಹಾಕಿ 1976ರಲ್ಲಿ ಆ ಸಿನಿಮಾ ಮಾಡಿಸಿದರು. ನಿರ್ಮಾಪಕರು ಅವರೇ. ಆಮೇಲೆ ತಮ್ಮ ಸಿನಿಮಾ ನೋಡಲು ಹಳ್ಳಿಗಳಿಂದ ಲಾರಿಗಳಲ್ಲಿ ಬಂದರು. ಬೇರೆ ಕಡೆ ಸಂಘ ಕಟ್ಟಲು ಹೋದವರು ಇದೇ 16 ಎಂಎಂ ಪ್ರಿಂಟನ್ನು ಊರೂರಿಗೆ ಒಯ್ದು ತೋರಿಸಿದರು. ನನ್ನ ಅಮ್ಮ ಆಗ ಮನೆಯ ಹಾಲನ್ನು ಪೇಟೆಯ ಒಂದು ಹೋಟೆಲಿಗೆ ಕೊಡುತ್ತಿದ್ದರು. ಹಾಲು ಅಳೆಯುವ ಕುಡ್ತೆಯೂ ಹೋಟೆಲಿನವರದ್ದೇ, ರೇಟೂ ಅವರದ್ದೇ. ಹಾಲು ನೀರಾಗಿದೆ ಎಂದು ತಿಂಗಳ ಕೊನೆಗೆ ಕಡಿತ ಬೇರೆ. ನಮ್ಮ ಮನೆಯ ಹಾಲಿಗೆ ಒಂದು ತೊಟ್ಟು ನೀರು ಬಿದ್ದದ್ದನ್ನು ನಾನು ಕಂಡಿಲ್ಲ. ಸಿನಿಮಾದಲ್ಲಿ ಕೊಬ್ಬು ಅಳೆದು ದುಡ್ಡು ಕೊಡುವುದನ್ನು ನೋಡಿ ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಬಹಳ ಹೊತ್ತು ಕೇಳಿಸಿಕೊಂಡರು. "ಹಾಗೆ ಅಳೆಯುವ ಯಂತ್ರ ನಿಜವಾಗಿ ಉಂಟಾ?" ಎಂದರು.

ಮುಂದೆ ನಾನು ಬ್ಯಾಂಕಿಗೆ ಸೇರಿದೆ. ಉತ್ತರ ಕರ್ನಾಟಕದ ಹಳ್ಳಿ ಶಾಖೆಯಲ್ಲಿದ್ದಾಗ ಎಮ್ಮೆ ಸಾಲವನ್ನು ಹಟ ಹಿಡಿದು ಹೆಂಗಸರ ಹೆಸರಿಗೇ ಕೊಡಿಸಿದೆ. ಮೇಲಿನವರು ಮೊದಲು ಬೇಡ ಎಂದರು, ಎರಡು ವರ್ಷದ ನಂತರ ವಸೂಲಿ ನೋಡಿ ಅವರೇ ಮೆಚ್ಚುಗೆಯ ಪತ್ರ ಬರೆದರು. ಆ ಪತ್ರ ಇಂದಿಗೂ ನನ್ನ ಹತ್ತಿರ ಇದೆ. ಅದರ ಒಂದು ಪ್ರತಿ ಸರ್‌ಗೆ ಕಳಿಸಿದ್ದೆ. ಈ ಕಾಲೇಜಿಗೆ ನಾನು ಕೊಟ್ಟ ಗುರುದಕ್ಷಿಣೆ ಅದು ಎಂದು ಧೈರ್ಯವಾಗಿ ಹೇಳಬಲ್ಲೆ.

ಹೋದ ವರ್ಷ ಕಾಲೇಜಿಗೆ ಬಂದಿದ್ದೆ. ಈಗ ಪ್ರತಿ ಕ್ಲಾಸಿನಲ್ಲೂ ಪ್ರೊಜೆಕ್ಟರ್ ಇದೆ. ಖುಷಿಯಾಯಿತು. ಸಿನಿಮಾ ತೋರಿಸುತ್ತೀರಾ ಎಂದು ಕೇಳಿದರೆ ಸಿಲಬಸ್‌ನಲ್ಲಿ ಇಲ್ಲ, ಟೈಮೂ ಇಲ್ಲ ಎಂದರು. ಮೇಷ್ಟ್ರುಗಳಿಗೆ ಪಾಪ, ಕಂಪ್ಯೂಟರಿಗೆ ಲೆಕ್ಕ ತುಂಬುವುದರಲ್ಲೇ ದಿನ ಮುಗಿಯುತ್ತದೆ. ಅವರದ್ದೂ ತಪ್ಪಲ್ಲ. ಆದರೂ ಮಕ್ಕಳೇ, ಆ ಸಿನಿಮಾವನ್ನು ಫೋನಿನಲ್ಲಿ ಒಬ್ಬೊಬ್ಬರೇ ನೋಡಬೇಡಿ. ಕ್ಲಾಸಿನಲ್ಲಿ ಒಟ್ಟಿಗೆ ಕೂತು ನೋಡಿ. ಕೊನೇ ಬೆಂಚಿನಿಂದ ಯಾರು ಏಳುತ್ತಾರೆ ಎಂದು ಯಾರಿಗೆ ಗೊತ್ತು?

2024ರ ಡಿಸೆಂಬರ್ 23ಕ್ಕೆ ಬೆನಗಲ್ ತೀರಿಕೊಂಡರು, 90 ತುಂಬಿ ಒಂಬತ್ತೇ ದಿನಕ್ಕೆ. ಅವತ್ತು ರಾತ್ರಿ ಸರ್‌ಗೆ ಫೋನ್ ಮಾಡಿದೆ. ಕಿವಿ ಮಂದವಾಗಿತ್ತು, ಎರಡು ಸಲ ಕೂಗಿ ಹೇಳಬೇಕಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೇ ವರ್ಷ 'ಮಂಥನ್' ರಿಪೇರಿ ಮಾಡಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದ್ರಲ್ವಾ, ಅಷ್ಟು ನೋಡಿ ಹೋದ್ರು" ಎಂದರು. ಅದೇ ಕೊನೆಯ ಮಾತು.

ಸರ್ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ಆ ಕೊನೇ ಬೆಂಚಿನ ಹುಡುಗನೂ ಬಂದಿದ್ದ. ಸರಕಾರಿ ಶಾಲೆಯಲ್ಲಿ ಮೇಷ್ಟ್ರಾಗಿ ರಿಟೈರ್ ಆಗಿದ್ದಾನೆ, ತಲೆ ಪೂರ್ತಿ ಬೆಳ್ಳಗಾಗಿದೆ. ಒಂದೇ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತೆವು.

"ಅವತ್ತು ರೀಲು ಬದಲಾಯಿಸಿದ್ದು ನೀನಾ?" ಎಂದು ಕೇಳಿದ.

ಹೌದು ಎಂದೆ.

ಅವನು ನನ್ನ ಕೈ ಹಿಡಿದುಕೊಂಡ. ಅಷ್ಟರಲ್ಲಿ ಪಾಯಸದವರು ಬಂದರು, ಇಬ್ಬರೂ ಎಲೆಯ ಕಡೆ ಬಗ್ಗಿದೆವು.